ಬೀಗ ಹಾಕಿದೆ, ಬರುತ್ತಾರೆ

ನಮ್ಮ ಸರ್‌ಗೆ ಎಂಬತ್ತು ತುಂಬಿತೆಂದು ಮಾಟುಂಗದ ಒಂದು ಕನ್ನಡ ಸಂಘದವರು ಸನ್ಮಾನ ಇಟ್ಟುಕೊಂಡಿದ್ದಾರೆ. ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯಾಗಿ ನೀವೊಂದು ಲೇಖನ ಕೊಡಿ ಎಂದು ನನಗೆ ಫೋನು ಬಂತು. ಹಿಂದೆಯೇ ವಾಟ್ಸಾಪಿನಲ್ಲಿ ಒಂದು ಪಟ್ಟಿಯೂ ಬಂತು: ಜನನ, ವಿದ್ಯಾಭ್ಯಾಸ, ಸೇವಾವಧಿ, ಪಡೆದ ಪ್ರಶಸ್ತಿಗಳು. ಮೊದಲ ಮೂರು ನನಗೆ ಗೊತ್ತಿಲ್ಲ. ನಾಲ್ಕನೆಯದು ಇಲ್ಲವೇ ಇಲ್ಲ. ಸರ್‌ಗೇ ಫೋನು ಮಾಡಿ ಕೇಳಿದೆ. "ಬರಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಹೆಸರು ಹಾಕಬೇಡ ಮಾರಾಯ್ತಿ. ಹೆಸರು ಹಾಕಿದರೆ ಜನ ಅದೊಂದನ್ನೇ ಓದಿ ಪುಟ ಮಗುಚುತ್ತಾರೆ" ಎಂದರು. ಹೆಸರಿಲ್ಲದ ಅಭಿನಂದನೆಯನ್ನು ಸಂಘದವರು ಅಚ್ಚು ಹಾಕುತ್ತಾರೋ ಬಿಡುತ್ತಾರೋ, ನಾನಂತೂ ಬರೆಯಲು ಕೂತಿದ್ದೇನೆ.

ನಾವು ವಿಜಯಪುರ ಜಿಲ್ಲೆಯ ಕಡೆಯವರು. ಅಪ್ಪ ಬಿಲ್ಡಿಂಗ್ ಕೆಲಸದ ಗೌಂಡಿ. ನನ್ನವ್ವ ನೀಲವ್ವ ಅದೇ ಕೆಲಸದಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ವಿಕ್ರೋಳಿ ಸ್ಟೇಷನ್ನಿನ ಪಶ್ಚಿಮಕ್ಕಿರುವ ಗುಡ್ಡದ ಮೇಲೆ ನಮ್ಮ ಖೋಲಿ, ಅಂದರೆ ಒಂದೇ ಕೋಣೆಯ ತಗಡಿನ ಮನೆ. ಮೂರು ಗೋಡೆ ಅಪ್ಪ ಕಟ್ಟಿದ್ದು. ನಾಲ್ಕನೆಯದು ಗುಡ್ಡದ ಬಂಡೆ, ಅದು ಮೊದಲೇ ಇತ್ತು. ಮಳೆಗಾಲದಲ್ಲಿ ಆ ಗೋಡೆಯ ಮೇಲೆ ನೀರು ಜಿನುಗುತ್ತಿತ್ತು, ಅವ್ವ ಅದರ ಬುಡಕ್ಕೆ ಹಳೆಯ ಸೀರೆ ಒತ್ತಿಡುತ್ತಿದ್ದಳು.

ಗುಡ್ಡದ ಕೆಳಗೆ ಮುನಿಸಿಪಾಲಿಟಿಯ ಕನ್ನಡ ಶಾಲೆ. ಪ್ರತಿ ಜೂನ್ ತಿಂಗಳ ಮೊದಲ ವಾರ ಸರ್ ಗುಡ್ಡ ಹತ್ತಿ ಬರುತ್ತಿದ್ದರು. ಬಿಳಿ ಅಂಗಿ, ಬಗಲಲ್ಲಿ ಕೊಡೆ, ಜೇಬಿನಲ್ಲಿ ಸೀಮೆಸುಣ್ಣ. ಯಾರ ಬಾಗಿಲಿಗೆ ಬಂದರೂ ಮೊದಲು ಕುಡಿಯಲು ನೀರು ಕೇಳುವುದು, ಪೂರ್ತಿ ಕುಡಿಯುವುದು, ಆಮೇಲೆ ಮಾತು. ಅವರು ಕುಂದಾಪುರದ ಕಡೆಯವರು, ಅವರ ಕನ್ನಡ ಕೇಳಿದರೆ ಅವ್ವನಿಗೆ ನಗು ತಡೆಯುತ್ತಿರಲಿಲ್ಲ.

"ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಎಷ್ಟು ಉಂಟು?" ಎಂದು ನಮ್ಮ ಬಾಗಿಲಿಗೆ ಬಂದ ದಿನ ಕೇಳಿದರಂತೆ.

"ಒಂದೈತ್ರಿ ಸರ. ಹೆಣ್ಣೈತ್ರಿ" ಎಂದಳಂತೆ ಅವ್ವ. ಅಂದರೆ ನೀವಿನ್ನು ಹೊರಡಬಹುದು ಎಂದರ್ಥ.

"ಹೆಣ್ಣಾದರೆ ಎಂಥ? ಶಾಲೆಗೆ ಇರುವುದು ಒಂದೇ ಬಾಗಿಲು" ಎಂದು ಸರ್ ಅಲ್ಲೇ ಹೊಸ್ತಿಲ ಮೇಲೆ ಕೂತು ನನ್ನ ಹೆಸರು ಬರೆದುಕೊಂಡರು. ವಿಳಾಸ ಬರೆಯುವ ಜಾಗ ಬಂದಾಗ ಪೆನ್ನು ನಿಂತಿತು. ಗುಡ್ಡದ ಮೇಲಿನ ಯಾವ ಮನೆಗೂ ನಂಬರು ಇರಲಿಲ್ಲ. ಬೇರೆ ಮಾಸ್ತರುಗಳು ಎಲ್ಲರಿಗೂ "ವಿಕ್ರೋಳಿ ಗುಡ್ಡ" ಎಂದು ಬರೆದು ಮುಗಿಸುತ್ತಿದ್ದರು. ಇವರಿಗೆ ಅದು ಆಗದು. "ಗುಡ್ಡಕ್ಕೆ ಕಾಗದ ಹಾಕಿದರೆ ಗುಡ್ಡ ಓದುತ್ತದಾ?" ಎನ್ನುತ್ತ ಎದ್ದರು. ಕೆಳಗಿನ ನಲ್ಲಿಯವರೆಗೆ ಇಳಿದು, ಮೆಟ್ಟಿಲು ಎಣಿಸುತ್ತ ಮತ್ತೆ ಹತ್ತಿ ಬಂದರು. ಒಳಗೆ ಇಣುಕಿ ನೋಡಿದರು. ಆಮೇಲೆ ಬರೆದರು: "ಎರಡನೇ ನಲ್ಲಿಯಿಂದ ಮೇಲಕ್ಕೆ ಹದಿನೇಳು ಮೆಟ್ಟಿಲು, ಎಡಕ್ಕೆ ಮೂರನೇ ಬಾಗಿಲು, ಹಿಂಗೋಡೆ ಬಂಡೆಯೇ."

ಶಾಲೆಯ ದೊಡ್ಡ ರಿಜಿಸ್ಟರಿನಲ್ಲಿ ಇಷ್ಟುದ್ದದ ವಿಳಾಸಕ್ಕೆ ಜಾಗ ಎಲ್ಲಿಯದು? ಅದಕ್ಕೆಂದೇ ಅವರು ತಮ್ಮ ತರಗತಿಯ ಹಾಜರಿ ಪುಸ್ತಕಕ್ಕೆ ಎರಡು ಪುಟ ಸೇರಿಸಿ ಹೊಲಿದು ಷರಾ ಕಾಲಂ ಅಗಲ ಮಾಡಿಕೊಂಡಿದ್ದರು. ಷರಾ ಎಂದರೆ ವಿಶೇಷವೇನಾದರೂ ಇದ್ದರೆ ಬರೆಯುವ ಜಾಗ. ಸರ್ ಪಾಲಿಗೆ ಎಲ್ಲವೂ ವಿಶೇಷವೇ.

ಶ್ರಾವಣ ಬಂತೆಂದರೆ ನಮ್ಮ ಗುಡ್ಡ ಅರ್ಧ ಖಾಲಿಯಾಗುತ್ತಿತ್ತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ಬಾರದಿದ್ದರೆ ಅವನನ್ನು ಬೈಯುತ್ತಲೇ ಹೋಗುತ್ತಾರೆ, ಹೋಗುವುದು ಮಾತ್ರ ತಪ್ಪುವುದಿಲ್ಲ. ಗಂಡಸರು ಆ ದಿನಗಳಲ್ಲಿ ಕೆಲಸದ ಸೈಟಿನಲ್ಲೇ ಉಳಿಯುತ್ತಿದ್ದರು. ಮಕ್ಕಳು ಅವ್ವಂದಿರ ಸೆರಗು ಹಿಡಿದು ಊರಿಗೆ. ಜೋಕಾಲಿ, ಉಂಡಿ, ಚಕ್ಕುಲಿ ಎಲ್ಲ ಮುಗಿದು ವಾಪಸಾಗುವಾಗ ಮೂರು ವಾರ, ಕೆಲವೊಮ್ಮೆ ತಿಂಗಳು. ತರಗತಿಯ ಅರ್ಧ ಬೆಂಚು ಖಾಲಿ.

ಇಷ್ಟು ದಿನ ಬಾರದ ಮಕ್ಕಳ ಹೆಸರು ತೆಗೆದುಹಾಕಬೇಕೆಂಬುದು ನಿಯಮ. ಸರ್ ತೆಗೆಯುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಗುಡ್ಡ ಹತ್ತಿ ಒಂದೊಂದು ಬಾಗಿಲನ್ನೂ ನೋಡಿಕೊಂಡು ಬಂದು ಷರಾ ಕಾಲಮ್ಮಿನಲ್ಲಿ ತಾರೀಕು ಹಾಕಿ ಬರೆಯುತ್ತಿದ್ದರು: "ಪಂಚಮಿ. ಬೀಗ ಹಾಕಿದೆ. ಬರುತ್ತಾರೆ." ನಾವು ಮರಳಿದ ದಿನ ಅದರ ಮುಂದೆ "ಬಂದರು." ಅವ್ವ ಊರಿಂದ ತಂದ ಶೇಂಗಾ ಉಂಡಿಯನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಅದೂ ಷರಾ ಸೇರುತ್ತಿತ್ತು.

ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಬಂದವರು ಪುಸ್ತಕ ನೋಡಿ ಸಿಟ್ಟಾದರು. ಇದು ಹಾಜರಿ ಪುಸ್ತಕವೋ ದಿನಚರಿಯೋ ಎಂದು ಎಲ್ಲರ ಮುಂದೆ ಕೇಳಿದರು. ಆಮೇಲೆ ಮೆಮೊ ಕೂಡ ಬಂತು. ಸರ್ ಅದಕ್ಕೆ ಒಂದೇ ಸಾಲಿನ ಉತ್ತರ ಬರೆದರು: "ಹೆಸರು ತೆಗೆಯಲು ಹೋಗಿದ್ದೆ, ಮನೆಗೆ ಬೀಗ ಇತ್ತು, ಬೀಗ ಹಾಕಿದವರು ಬೀಗ ತೆಗೆಯಲು ಬಂದೇ ಬರುತ್ತಾರೆ." ಮುಂದಿನ ವರ್ಷವೂ ಹಾಗೆಯೇ ಬರೆದರು, ಮುಂದಿನ ವರ್ಷವೂ ಮೆಮೊ ಬಂತು. ಇಬ್ಬರಿಗೂ ಅಭ್ಯಾಸವಾಗಿಹೋಯಿತು.

ಅವರಿಗೇಕೆ ಈ ಹಟ ಎಂದು ಬಹಳ ವರ್ಷಗಳ ಮೇಲೆ ಒಮ್ಮೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೇಳಿದ್ದೆ. ಸರ್ ಮುಂಬೈಗೆ ಬಂದದ್ದು ಹೋಟೆಲ್ ಕೆಲಸಕ್ಕೆ. ಕೆಲಸ ಮಾಡುತ್ತಲೇ ರಾತ್ರಿಶಾಲೆಗೆ ಓದಲು ಸೇರಿದರು. ಟೈಫಾಯ್ಡ್ ಹಿಡಿದು ಊರಿಗೆ ಹೋದವರು ಐದು ತಿಂಗಳ ಮೇಲೆ ಮರಳಿದರಂತೆ. ಹೆಸರು ಹೋಗಿರುತ್ತದೆ ಎಂದುಕೊಂಡು ತರಗತಿಯ ಹೊರಗೆ ನಿಂತಿದ್ದಾರೆ. ಒಳಗೆ ಮಾಸ್ತರು ಹಾಜರಿ ಕರೆಯುತ್ತಿದ್ದಾರೆ. ಇವರ ಹೆಸರೂ ಬಂತು. "ಹೊರಗಿನಿಂದಲೇ ಹಾಜರ್ ಅಂದೆ. ಮಾಸ್ತರು ತಲೆ ಎತ್ತಿ ನೋಡಲೂ ಇಲ್ಲ, ಮುಂದಿನ ಹೆಸರು ಕರೆದರು. ಆವತ್ತು ಈ ಊರು ನನ್ನದು ಅನ್ನಿಸಿತು ಮಾರಾಯ್ತಿ" ಎಂದು ಹೇಳಿ, ತಕ್ಷಣ ಕಾಫಿ ಆರಿಹೋಯಿತೆಂದು ವೇಟರನ್ನು ಗದರಿದರು. ತಮ್ಮ ಬಗ್ಗೆ ಅವರು ಅದಕ್ಕಿಂತ ಉದ್ದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಗ್ರಾಂಟ್ ರೋಡಿನಲ್ಲಿ ಒಂದು ಉಡುಪಿ ಹೋಟೆಲಿನ ಮೇಲಿನ ಕೋಣೆ ಅವರ ಮನೆ, ಆಗಲೂ ಈಗಲೂ. ಸರ್ವೀಸಿನುದ್ದಕ್ಕೂ ಅಲ್ಲಿಂದ ಲೋಕಲ್ ಹಿಡಿದು, ದಾದರಿನಲ್ಲಿ ಸೇತುವೆ ಹತ್ತಿಳಿದು ಲೈನ್ ಬದಲಿಸಿ ವಿಕ್ರೋಳಿಗೆ ಬಂದವರು. ನಮ್ಮ ಮಾತನ್ನು ಅವರು ಎಂದೂ ತಿದ್ದಲಿಲ್ಲ. ಬರಹವನ್ನು ಮಾತ್ರ ನಿರ್ದಯವಾಗಿ ತಿದ್ದುತ್ತಿದ್ದರು. ನಾನೀಗ ಇಷ್ಟಾದರೂ ಕನ್ನಡ ಬರೆಯುತ್ತಿದ್ದರೆ ಅದು ಅವರ ಕೆಂಪು ಶಾಯಿಯ ಪುಣ್ಯ.

ಹೈಸ್ಕೂಲು, ಕಾಲೇಜು, ವಿಕ್ರೋಳಿಯದೇ ಒಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ, ಮದುವೆ, ಕಲ್ವಾದಲ್ಲಿ ಬಾಡಿಗೆ ಮನೆ, ನನ್ನದು ಹೀಗೆ ನಡೆಯಿತು. ಸರ್ ನಿವೃತ್ತರಾದರು. ಮಕ್ಕಳಿಲ್ಲದೆ ಕನ್ನಡ ಶಾಲೆ ಮುಚ್ಚಿತು, ಕಟ್ಟಡಕ್ಕೆ ಬೇರೆ ಮಾಧ್ಯಮದ ಶಾಲೆ ಬಂತು. ಅಪ್ಪ ತೀರಿಕೊಂಡ. ಅವ್ವ ಬುಟ್ಟಿ ಹೊರುವುದು ಬಿಟ್ಟು ಅದೇ ಬಂಡೆಯ ಮನೆಯಲ್ಲಿ ಜೋಳದ ರೊಟ್ಟಿ ಬಡಿಯತೊಡಗಿದಳು. ನಮ್ಮ ಕಡೆಯ ಒಂಟಿ ಗಂಡಸರು ಗುಡ್ಡದ ಮೇಲೆ ಬೇಕಾದಷ್ಟಿದ್ದರು, ರೊಟ್ಟಿ ಸಾಲುತ್ತಿರಲಿಲ್ಲ.

ಅಷ್ಟರಲ್ಲಿ ಗುಡ್ಡಕ್ಕೆ ಪುನರ್ವಸತಿ ಯೋಜನೆ ಬಂತು. ಗುಡಿಸಲುಗಳನ್ನೆಲ್ಲ ತೆಗೆದು ಕೆಳಗಿನ ಬಯಲಿನಲ್ಲಿ ಬಿಲ್ಡಿಂಗ್ ಕಟ್ಟುವುದು. ಸರ್ಕಾರ ಗೊತ್ತುಮಾಡಿದ ತಾರೀಕಿಗಿಂತ ಮೊದಲಿನಿಂದ ಅಲ್ಲೇ ಇದ್ದವರಿಗೆ ಸ್ವಂತ ಮನೆ. ಅಲ್ಲಿದ್ದೆವೆಂದು ತೋರಿಸಲಾಗದವರಿಗೆ ಏನೂ ಇಲ್ಲ, ಇದ್ದ ಮನೆಯೂ ಹೋಗುತ್ತದೆ. ಮೊದಲಿನವರನ್ನು ಮರಾಠಿಯಲ್ಲಿ "ಪಾತ್ರ" ಎನ್ನುತ್ತಾರೆ, ಎರಡನೆಯವರನ್ನು "ಅಪಾತ್ರ". ಸರ್ವೆಯವರು ಮನೆಮನೆಗೆ ಬಂದರು. ಬಂದದ್ದು ಪಂಚಮಿಯ ವಾರ.

ಅವ್ವನಿಗೆ ಅರವತ್ತು ದಾಟಿದ್ದರೂ ತವರು ತಪ್ಪಿರಲಿಲ್ಲ. ಪಟ್ಟಿ ಹಚ್ಚಿದಾಗ ಅವಳ ಹೆಸರಿನ ಮುಂದೆ ಹೀಗಿತ್ತು: "ಬೀಗ ಹಾಕಿದೆ. ಹಳೆಯ ವಾಸಕ್ಕೆ ಪುರಾವೆ ಇಲ್ಲ. ಅಪಾತ್ರ." ಆ ವಾರ ತವರಿಗೆ ಹೋದ ಎಷ್ಟೋ ಹೆಂಗಸರ ಮನೆಗಳಿಗೂ ಅದೇ ಸಾಲು.

ನಾನು ಪುರಾವೆ ಹುಡುಕಲು ಕೂತೆ, ಆಗ ನಮ್ಮ ಬಾಳು ನನಗೇ ಅರ್ಥವಾಯಿತು. ಅವ್ವನ ಓಟು ಊರಲ್ಲಿ, ರೇಷನ್ ಕಾರ್ಡು ಊರಲ್ಲಿ. ನಾನು ಹುಟ್ಟಿದ್ದು ಅವಳ ತವರಿನಲ್ಲಿ, ಹಾಗಾಗಿ ಜನನ ಪತ್ರವೂ ಅಲ್ಲಿಯದು. ಲೈಟು ಬಹಳ ಕಾಲ ಪಕ್ಕದ ಮನೆಯ ಮೀಟರಿನದು. ಕೈಗೆ ಬಂದ ಒಳ್ಳೆಯ ಕಾಗದವನ್ನೆಲ್ಲ ಅವ್ವ ಊರಿಗೆ ಒಯ್ದು ಅಣ್ಣನ ಟ್ರಂಕಿನಲ್ಲಿ ಇಟ್ಟಿದ್ದಳು. ಯಾಕೆಂದು ಕೇಳಿದರೆ, "ತಗಡಿನ ಮನ್ಯಾಗ ಕಾಗದ ಉಳಿತಾವೇನ? ಬಂಡಿಗಲ್ಲ ನೀರು ಬಿಡತೈತಿ" ಎಂದಳು. ನಾವೆಲ್ಲ ಹೀಗೇ. ಬೆಲೆಯುಳ್ಳದ್ದನ್ನೆಲ್ಲ ಊರಲ್ಲಿಟ್ಟು ಮುಂಬೈಯಲ್ಲಿ ಉಳಿದದ್ದು ನಾವು ಮಾತ್ರ. ನನ್ನ ಶಾಲೆಯ ಸರ್ಟಿಫಿಕೇಟಿನಲ್ಲೂ "ವಿಕ್ರೋಳಿ ಗುಡ್ಡ" ಎಂದಷ್ಟೇ ಇತ್ತು. ಅದನ್ನು ತೋರಿಸಿದರೆ ಕಚೇರಿಯ ಗುಮಾಸ್ತ, ಗುಡ್ಡದಲ್ಲಿ ಯಾವ ಮನೆ ಎಂದು ಕೇಳಿದ.

"ನಮ್ಮ ಮನೆಗೇ ಬಂದುಬಿಡವ್ವ" ಎಂದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಳಿಯಾನ ಮನ್ಯಾಗ ಎಷ್ಟ ದಿನ ಇರ್ಲಿ? ನಲವತ್ತ ವರ್ಷ ಇಲ್ಲೇ ದುಡದೀನಿ. ನನ್ನ ಖೋಲಿ ನನಗ ಬೇಕು" ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೇಳಿದಳು: "ನಮ್ಮ ಮನಿ ಎಲ್ಲೈತಿ ಅಂತ ಸರ ಬರಕೊಂಡಾರಲ್ಲ. ಮೆಟ್ಟಲಾ ಎಣಿಸಿ ಬರಕೊಂಡಾರ. ಅವರನ್ನ ಕೇಳು."

ಶಾಲೆಯೇ ಇಲ್ಲ, ಪುಸ್ತಕ ರದ್ದಿಗೆ ಹೋಗಿ ಎಷ್ಟು ಕಾಲವಾಯಿತೋ ಎಂದು ನಾನು ರೇಗಿದೆ. ಅವ್ವ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿ ನಿಂತೇಬಿಟ್ಟಳು.

ಗ್ರಾಂಟ್ ರೋಡಿನ ಕೋಣೆಯಲ್ಲಿ ಸರ್ ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿದರು. ಕೇಳಿ ಮುಗಿಸಿ ಒಂದೇ ಪ್ರಶ್ನೆ: "ಬಂಡೆ ಈಗಲೂ ಉಂಟಾ?"

"ಐತ್ರಿ ಸರ" ಎಂದಳು ಅವ್ವ.

"ಹಾಗಾದರೆ ಮನೆಯೂ ಉಂಟು" ಎಂದು ಕೊಡೆ ತೆಗೆದುಕೊಂಡರು.

ಅವರು ನಮ್ಮನ್ನು ಕರೆದೊಯ್ದದ್ದು ಹಳೆಯ ಶಾಲೆಗೆ. ಮೇಲಿನ ಮಾಳಿಗೆಯ ಕೊನೆಯ ಕಪಾಟಿನಲ್ಲಿ, ಬೇವಿನ ಸೊಪ್ಪು ಹಾಕಿ, ಅವರದೇ ಪಂಚೆಯಲ್ಲಿ ಕಟ್ಟಿಟ್ಟ ಹಾಜರಿ ಪುಸ್ತಕಗಳ ಗಂಟು ಇತ್ತು. ನಿವೃತ್ತಿಯ ನಂತರವೂ ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ ಬಂದು ಅವುಗಳನ್ನು ಬಿಸಿಲಿಗೆ ಹರಡಿ, ಹೊಸ ಸೊಪ್ಪು ಹಾಕಿ ಕಟ್ಟಿಟ್ಟು ಹೋಗುತ್ತಿದ್ದರಂತೆ. ಈಗಿನ ಹೆಡ್ ಮಿಸ್ಟ್ರೆಸ್ ಮರಾಠಿಯವರು. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ತಾನೇ ಅವರಿಗೆ ಚಾಪೆ ತೆಗೆದಿಡತೊಡಗಿದೆ ಎಂದರು ಆಕೆ. ನಮ್ಮ ಪುಟಗಳಿಗೆಲ್ಲ ಶಾಲೆಯ ಮುದ್ರೆ ಒತ್ತಿ, ಮೂಲ ಪುಸ್ತಕಗಳನ್ನೂ ಪತ್ರ ಕೊಟ್ಟು ನಮ್ಮೊಂದಿಗೆ ಕಳಿಸಿದರು.

ಪಟ್ಟಿಯ ಮೇಲೆ ಆಕ್ಷೇಪಣೆ ಸಲ್ಲಿಸಿದೆವು. ವಿಚಾರಣೆಯ ದಿನ ಪುನರ್ವಸತಿ ಕಚೇರಿಯ ಮರಾಠಿ ಸಾಹೇಬರು ಪುಸ್ತಕ ತಿರುವಿ ಹಾಕಿ, ಇದನ್ನು ನಾನು ಹೇಗೆ ಓದಲಿ ಎಂದರು. ನಾನು ಓದುತ್ತೇನೆ ಎಂದೆ. ಕನ್ನಡದಲ್ಲಿ ಒಂದು ಸಾಲು, ಅದರದೇ ಮರಾಠಿ ಮರುಸಾಲು. ಮೊದಲು ವಿಳಾಸ: ನಲ್ಲಿ, ಹದಿನೇಳು ಮೆಟ್ಟಿಲು, ಮೂರನೇ ಬಾಗಿಲು, ಹಿಂಗೋಡೆ ಬಂಡೆ. ಸಾಹೇಬರು ಸರ್ವೆಯ ಹಾಳೆ ತೆಗೆದು ನೋಡಿದರು. ಅವರ ಹಾಳೆಯಲ್ಲೂ ನಮ್ಮ ಮನೆಯ ಬೆನ್ನಿಗೆ ಬಂಡೆ ಇತ್ತು. ಗುಡ್ಡದಲ್ಲಿ ಬೇರೆ ಯಾವ ಮನೆಗೂ ಇರಲಿಲ್ಲ.

ಆಮೇಲೆ ಷರಾ, ಇಯತ್ತೆ ಅಂದರೆ ತರಗತಿಯ ಲೆಕ್ಕದಲ್ಲಿ. ಒಂದನೇ ಇಯತ್ತೆ: ಪಂಚಮಿ, ಬೀಗ ಹಾಕಿದೆ, ಬರುತ್ತಾರೆ. ಬಂದರು. ಎರಡನೇ ಇಯತ್ತೆ: ಪಂಚಮಿ, ಬೀಗ ಹಾಕಿದೆ, ಬರುತ್ತಾರೆ. ಬಂದರು. ಮೂರನೆಯದರಲ್ಲಿ ನನ್ನ ನಾಲಿಗೆ ತಡವರಿಸಿತು. "ಬಂದರು. ಶೇಂಗಾ ಉಂಡಿ ಮೂರು. ಒಂದು ಒಡೆದಿತ್ತು" ಎಂದಿತ್ತು ಅಲ್ಲಿ. ಮರಾಠಿಯಲ್ಲಿ ಹೇಳಲೇಬೇಕಾಯಿತು. ಗುಮಾಸ್ತರೆಲ್ಲ ನಕ್ಕರು. ಸರ್ ಮಾತ್ರ ಗಂಭೀರವಾಗಿ ತಲೆಯಾಡಿಸಿದರು, ಒಡೆದದ್ದು ನಿಜ ಎಂಬಂತೆ.

ಏಳನೇ ಇಯತ್ತೆಯವರೆಗೂ ನಮ್ಮ ತರಗತಿಯ ಮಾಸ್ತರು ಅವರೇ, ಏಳು ಶ್ರಾವಣ ಓದಿ ಮುಗಿಸಿದೆ. ಅಷ್ಟೂ ಸರ್ಕಾರ ಗೊತ್ತುಮಾಡಿದ ತಾರೀಕಿಗಿಂತ ಮೊದಲಿನವು. ಆಗ ಸರ್ ಎದ್ದು ತಮ್ಮ ಕುಂದಾಪುರದ ರಾಗದ ಮರಾಠಿಯಲ್ಲಿ ಹೇಳಿದರು, ಅದರ ಅರ್ಥ ಇಷ್ಟು: "ಸಾಹೇಬರೇ, ನಿಮ್ಮ ಸರ್ವೆಯವರು ಬರೆದದ್ದೂ ಸುಳ್ಳಲ್ಲ. ಬೀಗ ಇದ್ದದ್ದು ಹೌದು. ನಾನೂ ಅದನ್ನೇ ಬರೆದಿದ್ದೇನೆ. ಅವರು ಒಂದು ಶಬ್ದ ಬರೆಯಲು ಮರೆತಿದ್ದಾರೆ, ಅಷ್ಟೆ."

ಸಾಹೇಬರು ಅವ್ವನ ಕಡೆ ತಿರುಗಿ, ಈಗಲೂ ಪ್ರತಿ ವರ್ಷ ಹೋಗುತ್ತೀರಾ ಎಂದು ಕೇಳಿದರು. ಅವ್ವ ತನ್ನ ಮುರುಕು ಮರಾಠಿಯಲ್ಲಿ, ಪಂಚಮಿಗೆ ತವರಿಗೆ ಹೋಗದೆ ಇರುತ್ತಾರೆಯೇ ಎಂದು ಅವರನ್ನೇ ಕೇಳಿದಳು. ಸಾಹೇಬರು ಪೆನ್ನು ಕೆಳಗಿಟ್ಟರು. "ನನ್ನ ಆಯಿಯೂ ಹೋಗುತ್ತಿದ್ದಳು. ನಮ್ಮ ಮನೆಗೂ ಬೀಗವೇ" ಎಂದರು. ಬಂಡೆ ನೋಡಲು ಮುಂದಿನ ವಾರ ತಾವೇ ಗುಡ್ಡ ಹತ್ತಿದರು. ಮೆಟ್ಟಿಲು ಎಣಿಸಿಯೇ ಹತ್ತಿದರೆಂದು ಅವ್ವ ಇಂದಿಗೂ ಹೇಳುತ್ತಾಳೆ. ಹದಿನೇಳು ಸರಿಯಾಗಿ ಸಿಕ್ಕಿತಂತೆ.

ಹೊಸ ಪಟ್ಟಿ ಬಂದಾಗ ಅವ್ವ "ಪಾತ್ರ" ಆಗಿದ್ದಳು. ಅವಳೊಬ್ಬಳೇ ಅಲ್ಲ. ಪಂಚಮಿಯ ಬೀಗದ ಮನೆಗಳನ್ನೆಲ್ಲ ಮತ್ತೆ ತೆಗೆದು ನೋಡಿದರು. ಆ ಪಂಚೆಯ ಗಂಟಿನಿಂದ ಒಂದೊಂದೇ ಮನೆ ಹೊರಗೆ ಬಂತು: ಪೇರಲ ಗಿಡದ ಮನೆ, ಹಸಿರು ಡ್ರಮ್ಮಿನ ಮನೆ, ಹೊಸ್ತಿಲಿಗೆ ರುಬ್ಬುಗಲ್ಲು ಇಟ್ಟ ಮನೆ. ನನಗೆ ಆ ದಿನಗಳಲ್ಲಿ ಆದ ಸಂತೋಷವನ್ನು ಮುಚ್ಚಿಡುವುದೇಕೆ, ನಾವು ಗೆದ್ದೆವು. ಎಷ್ಟೋ ಮೆಮೊ ತಿಂದ ಆ ಷರಾ ಕಾಲಂ ಗೆದ್ದಿತು. ಒಂದು ದೊಡ್ಡ ಶಹರಕ್ಕೆ ನಮ್ಮಂಥ ಹೋಗಿಬರುವ ಜನರನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆಂದು ತಿಳಿಯದೇ ಇದ್ದಾಗ, ಅದೇ ಶಹರದ ಸಂಬಳ ತಿನ್ನುತ್ತಿದ್ದ ಒಬ್ಬ ಮಾಸ್ತರಿಗೆ ಅದು ತಿಳಿದಿತ್ತು.

ಈ ವರ್ಷ ಕೀಲಿ ಕೊಟ್ಟರು. ಅವ್ವನದು ಐದನೇ ಮಾಳಿಗೆ. ನಾಲ್ಕೂ ಗೋಡೆ ಇಟ್ಟಿಗೆಯವು, ಒಂದೂ ಜಿನುಗುವುದಿಲ್ಲ. ಮನೆಯೊಕ್ಕಲಿಗೆ ಸರ್ ಬಂದರು. ಹೆಡ್ ಮಿಸ್ಟ್ರೆಸ್ ಅವರನ್ನು ಕೇಳಿ ಒಂದು ದಿನದ ಮಟ್ಟಿಗೆ ಆ ಹಳೆಯ ಪುಸ್ತಕ ತಂದಿದ್ದರು. ಪಂಚಮಿ ಇನ್ನೂ ದೂರವಿದ್ದರೂ ಅವ್ವ ಶೇಂಗಾ ಉಂಡಿ ಕಟ್ಟಿದ್ದಳು. ತಟ್ಟೆ ಕೊಡುವ ಮೊದಲು ಒಂದು ಕರಾರು ಹಾಕಿದಳು: "ಮೊದಲ ಹಾಜರಿ ತಗೋರಿ ಸರ. ಎಲ್ಲಾರೂ ಅದಾರ."

ಸರ್ ಕೆಳಗಿಳಿದು ಬಿಲ್ಡಿಂಗಿನ ಕಂಪೌಂಡಿನ ನಡುವೆ ಕುರ್ಚಿ ಹಾಕಿಸಿಕೊಂಡರು. ಕನ್ನಡಕ ಏರಿಸಿ ಪುಸ್ತಕ ತೆರೆದು ಮೊದಲ ಹೆಸರು ಕರೆದರು. ಎರಡನೇ ಮಾಳಿಗೆಯ ಕಿಟಕಿಯಿಂದ "ಹಾಜರ್ ಸರ್" ಎಂದು ಕೇಳಿತು. ಇನ್ನೊಂದು ಹೆಸರಿಗೆ ಆರನೆಯದರಿಂದ. ಮೀಸೆ ನೆರೆಯುತ್ತಿರುವ ಒಬ್ಬ ಗೌಂಡಿ ಓಡಿ ಬಂದು ಎದುರಿಗೆ ಕೈಕಟ್ಟಿ ನಿಂತೇ ಉತ್ತರ ಕೊಟ್ಟ. ಅವನ ಮಕ್ಕಳು "ಪಪ್ಪಾ ಕ್ಯಾ ಕರ್ ರಹೇ ಹೈ" ಎಂದು ಬಿದ್ದು ಬಿದ್ದು ನಗುತ್ತಿದ್ದರು. ಒಂದೆರಡು ಹೆಸರಿಗೆ ಯಾರೂ ಓಗೊಡಲಿಲ್ಲ. "ಊರಾಗ ಅದಾರ್ರಿ ಸರ" ಎಂದರು ಯಾರೋ. ಸರ್ ತಲೆ ಎತ್ತದೆ "ಬರುತ್ತಾರೆ" ಎಂದು ಮುಂದಿನ ಹೆಸರಿಗೆ ಹೋದರು. ನನ್ನ ಹೆಸರು ಬಂದಾಗ ಕುರ್ಚಿಯ ಪಕ್ಕದಲ್ಲೇ ನಿಂತಿದ್ದ ನಾನು ಕೈ ಮಾತ್ರ ಎತ್ತಿದೆ. "ಬಾಯಿ ಇಲ್ಲವಾ?" ಎಂದು ಗದರಿಸಿಕೊಂಡೆ.

ಪಟ್ಟಿ ಮುಗಿಯಿತು. ಸರ್ ಪುಸ್ತಕ ಮುಚ್ಚಿದರು, ಆದರೆ ಕುರ್ಚಿಯಿಂದ ಏಳಲಿಲ್ಲ. ಐದನೇ ಮಾಳಿಗೆಯ ಕಿಟಕಿಯ ಕಡೆ ನೋಡಿ, ಯಾವ ಪುಸ್ತಕದಲ್ಲೂ ಇಲ್ಲದ ಒಂದು ಹೆಸರನ್ನು ತರಗತಿಯ ದನಿಯಲ್ಲಿ ಕರೆದರು.

"ನೀಲವ್ವ."

ಮೇಲಿನ ಕಿಟಕಿಯಿಂದ ಕೇಳುತ್ತಿದ್ದ ಪಾತ್ರೆಯ ಸದ್ದು ನಿಂತಿತು. ಓದಲೆಂದು ಎಂದೂ ಶಾಲೆಯ ಮೆಟ್ಟಿಲು ಹತ್ತದ ನನ್ನವ್ವ ಹಿಟ್ಟಿನ ಕೈಯಲ್ಲೇ ಕಿಟಕಿಗೆ ಬಂದು, ಸೆರಗು ಸರಿಮಾಡಿಕೊಂಡು, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಹೇಳಿದಳು:

"ಇಲ್ಲೇ ಅದೀನ್ರೀ ಸರ."